ತುಂಬು ಬಿಡಿಸುವ ಆಟ

ಬ್ಯಾಡಗಿ ಪ್ಯಾಟಿಯೊಳಗೆ
ಕಟ್ಟಿದ ಚೀಲಕ್ಕೆ ಯಾರೂ ದರ ಬರೆಯುವುದಿಲ್ಲ.
ಚೀಲದ ಬಾಯಿ ಬಿಚ್ಚಿ, ಮೊಣಕೈತನಕ ಕೈ ಇಳಿಸಿ,
ತಳದ ಒಂದು ಕಾಯಿ ಮುರಿದು ಮೂಸಿ, ಎರಡು ಸಲ ಸೀನಿ,
ಆಮೇಲೆ ಪಕ್ಕದವನಿಗೆ ಕಾಣದಂತೆ ಅಂಕಿ ಹಾಕುತ್ತಾರೆ.
ಇಷ್ಟು ಗೊತ್ತಿದ್ದೂ ನಾನು
ನನ್ನ ಆಟವನ್ನು ಹಾವೇರಿಗೆ ಒಯ್ದೆ.

ಎರಡು ರಾತ್ರಿ, ಒಂದು ಹಗಲು. ಕಾಲೇಜಿನ ಲ್ಯಾಬಿನಲ್ಲಿ
ಹತ್ತೊಂಬತ್ತು ಮಂದಿ, ಕರೆಂಟು ಹೋದಾಗ ಒಟ್ಟಿಗೇ ಕೂಗಿಕೊಂಡವರು.
ಗಿರ್ಮಿಟ್ಟು, ಚಹಾ, ಮತ್ತೆ ಚಹಾ.
ನಾನು ಮಾಡಿದ್ದು ಅವ್ವನ ಕೆಲಸ:
ಪರದೆಯ ಮೇಲಿಂದ ಮೆಣಸಿನಕಾಯಿ ಉದುರುತ್ತವೆ,
ನೀವು ತುಂಬು ಬಿಡಿಸಬೇಕು. ಅಷ್ಟೇ.
ಕಣ್ಣು ಉರಿಯುತ್ತದೆ, ಪರದೆ ಮಬ್ಬಾಗುತ್ತದೆ.
ಒರೆಸಿಕೊಂಡಿರೋ, ಪೂರಾ ಕೆಂಪು.
ಆ ಕೈಯಿಂದ ಕಣ್ಣು ಮುಟ್ಟಬಾರದೆಂದು
ಆಟ ನಿಮಗೆ ಹೇಳುವುದಿಲ್ಲ. ಅವ್ವನಿಗೂ ಯಾರೂ ಹೇಳಿರಲಿಲ್ಲ.

ಮೂರು ದಿನ ಮಂದಿಯ ವೋಟು.
ಗೆದ್ದದ್ದು ವೀರೇಶ ಕಡ್ಲಿಯ ಟ್ರ್ಯಾಕ್ಟರ್ ರೇಸು,
ಎಂಟುನೂರಾ ಹನ್ನೆರಡು.
ಏಲಕ್ಕಿ ಮಾಲೆ ಅವನ ಕೊರಳಿಗೆ; ಮೂರನೇ ಸಾಲಿನ ತನಕ ಅದರ ಘಮ.
ಎಡಕ್ಕೆ ತಿರುಗಿಸಿದರೆ ಗೋಡೆಯೊಳಗೆ ಹೊಕ್ಕು ನಿಲ್ಲುತ್ತಿತ್ತು ಆ ಟ್ರ್ಯಾಕ್ಟರು.
ನಾನು ಆಡಿ ನೋಡಿದ್ದೆ.

ಎಲ್ಲರೂ ಹೋದ ಮೇಲೆ ನದಾಫ ಸರ್ ಹತ್ತಿರ ಜಗಳಕ್ಕೆ ನಿಂತೆ.
"ಅವನ ಕಾಕಾ ಟ್ರ್ಯಾಕ್ಟರ್ ಶೋರೂಮಿನವ್ರು, ಸರ್.
ಗ್ರೂಪಿಗೆ ಲಿಂಕ್ ಒಗದಾರ. ಆಟ ತೆರೆದವರೆಷ್ಟು, ತೋರಸ್ರಿ."
ಅವರು ಕನ್ನಡಕ ಒರೆಸಿ ಪಟ್ಟಿ ತಿರುಗಿಸಿದರು.
ಎಂಟುನೂರಾ ಹನ್ನೆರಡರಲ್ಲಿ ತೆರೆದವರು ತೊಂಬತ್ತು.
"ನೋಡ್ರಿ!" ಅಂದೆ.
"ನಿಂದೂ ನೋಡು," ಅಂದರು.
ವೋಟು ನಲವತ್ತೊಂದು. ತೆರೆದವರು ಹದಿನೇಳು.

ಉಳಿದ ಇಪ್ಪತ್ತನಾಲ್ಕು?
ಯಾರನ್ನೂ ಕೇಳಬೇಕಾಗಿರಲಿಲ್ಲ. ಕಾಶವ್ವ ದೊಡ್ಡವ್ವ
ರೊಟ್ಟಿ ಬಿಚ್ಚುವ ಹೊತ್ತಿಗೆ ಅಂಗಳದ ಉದ್ದಕ್ಕೂ ನಡೆದು
"ನಮ್ಮ ನಿಂಗವ್ವನ ಮಗಳದು, ಒತ್ರೆವ್ವಾ" ಅಂದಿರುತ್ತಾಳೆ;
ಸೆರಗಿಗೆ ಹೆಬ್ಬೆರಳು ಒರೆಸಿ ಒತ್ತಿರುತ್ತಾರೆ,
ಗಾಜಿನ ಮೇಲೆ ಕೆಂಪು ಪುಡಿ ಉಳಿದಿರುತ್ತದೆ.

"ಅವರು ಆಡಿಲ್ಲಂತ ಹೆಂಗ ಅಂತೀರಿ, ಸರ್?
ಇಪ್ಪತ್ತು ವರ್ಷದಿಂದ ಅದನ್ನೇ ಆಡ್ಯಾರ."
ನದಾಫ ಸರ್ ನಗಲಿಲ್ಲ.
"ಶೋರೂಮಿನ ಹುಡುಗರೂ
ಹುಟ್ಟಿದಾಗಿಂದ ಟ್ರ್ಯಾಕ್ಟರ್ ಮ್ಯಾಲೇ ಅದಾರ, ತಂಗಿ."

ಉತ್ತರ ಹೊಳೆಯಲಿಲ್ಲ,
ಬಸ್ಸಿನಲ್ಲಿ, ಮೋಟೆಬೆನ್ನೂರು ದಾಟಿದ ಮೇಲೂ.
ವೀರೇಶನ ಮೇಲಿನ ಸಿಟ್ಟು ಮಾತ್ರ
ಅರ್ಧ ಬಿಡಿಸಿದ ಚೀಲದಂತೆ ಪಕ್ಕದಲ್ಲೇ ಕೂತಿತ್ತು.

ಇಳಿಯುವ ಮೊದಲು, ಫೋನಿನಲ್ಲಿ ತೆಗೆದುಕೊಂಡ ಪಟ್ಟಿ ಮತ್ತೊಮ್ಮೆ ಹಿಗ್ಗಿಸಿದೆ.
ನಲವತ್ತು ಮಂದಿ ಐದಕ್ಕೆ ಐದು ಚುಕ್ಕಿ.
ಒಬ್ಬರು ಎರಡು.
ಹೆಸರಿಲ್ಲ. ರಾತ್ರಿ ಎರಡೂ ನಲವತ್ತಕ್ಕೆ ತೆರೆದು
ಒಂದು ತಾಸು ಹತ್ತು ನಿಮಿಷ ಆಡಿದವರು.
ಮೂರು ಸಲ ಕಣ್ಣು ಒರೆಸಿಕೊಂಡು ಸೋತು, ಮತ್ತೆ ಮೊದಲಿನಿಂದ;
ಕೊನೆಯ ಚೀಲದ ತನಕ ಹೋದವರು ಅವರೊಬ್ಬರೇ.
ಕೆಳಗೆ ಒಂದು ಸಾಲು:
"ತುಂಬು ಮುರಿಯೋ ಸದ್ದೇ ಇಲ್ಲ ಇದರಾಗ."

ಹೌದಲ್ಲ.

ಈಗ ರಾತ್ರಿ ಹನ್ನೊಂದು. ಅವ್ವನ ಬೆರಳ ಹತ್ತಿರ ಫೋನು ಹಿಡಿದು ಕೂತಿದ್ದೇನೆ.
ಮಾತಾಡಬ್ಯಾಡ ಅಂದಿದ್ದೇನೆ. ಕೆಮ್ಮು ಮಾತ್ರ
ತಡೆಯಲಾಗುತ್ತಿಲ್ಲ ಅವಳಿಗೆ.
ಇರಲಿ, ಅದೂ ಇರಲಿ.
ಹೆಬ್ಬೆರಳು ಬಾಗುತ್ತದೆ.
ಚಿಟಕ್.