ತಳ ನೆಗ್ಗಿದ ತಪ್ಪಲೆ

ಎಂಟೂ ಐವತ್ತೈದು.
ಒಲೆಯ ಮೇಲಿಂದ ತಪ್ಪಲೆ ಇಳಿಸಿ
ಉಳಿದ ಅನ್ನ ತಟ್ಟೆಗೆ ತೆಗೆದು
ತೊಳೆಯದೆಯೇ ಕಿಟಕಿಗೆ ತಂದೆ.
ಒಂಬತ್ತಕ್ಕೆ ಒಂದು ನಿಮಿಷವಿರುವಾಗಲೇ ಮೊದಲ ಪೆಟ್ಟು,
ಮೂಲೆಮನೆಯ ಟೈಲರ್ ಅಲ್ಬಾನೊ ಇರಬೇಕು,
ಅವನ ಕೈ ಯಾವತ್ತೂ ಗಡಿಯಾರಕ್ಕಿಂತ ಮುಂದೆ.
ಆಮೇಲೆ ಠಣ್, ಆಮೇಲೆ ಠಣಠಣ,
ಆಮೇಲೆ ಮಾಪುತೊದ ಈ ಮಗ್ಗುಲ ತಗಡಿನ ಮಾಡುಗಳೆಲ್ಲ
ಆಲಿಕಲ್ಲು ಬಿದ್ದ ಹಾಗೆ.

ಬಡಿದು ಏನು ಬಂತು ಅಂತ ಕೇಳುತ್ತೀಯಲ್ಲ, ಗ್ರಾಸಿಂದಾ,
ಪಾತ್ರೆ ತೊಳೆಯುತ್ತ.
ತಡಿ, ಹೇಳುತ್ತೇನೆ.

ಎಣಿಕೆಯ ರಾತ್ರಿ ಕರೆಂಟು ಹೋಯಿತು.
ಶಾಲೆಯ ಕಸ ಗುಡಿಸುವವಳು ನಾನು,
ಮೂರನೇ ತರಗತಿಯ ಕೋಣೆಯಲ್ಲಿ
ಟಾರ್ಚು ಹಿಡಿದು ನಿಂತವಳೂ ನಾನೇ.
ಚೀಟಿ ಬಿಚ್ಚಿದರು, ಎತ್ತಿ ತೋರಿಸಿದರು, ಕೂಗಿದರು.
ಕರಿಹಲಗೆಯ ಮೇಲೆ ಐದೈದರ ಕಟ್ಟು:
ನಾಲ್ಕು ಗೀಟು, ಅಡ್ಡಕ್ಕೊಂದು.
ಓದು ಬಾರದವಳಿಗೂ ಕಟ್ಟು ಎಣಿಸಲು ಬರುತ್ತದೆ.
ಎಡಕ್ಕೆ ಅರವತ್ತೊಂದು, ಬಲಕ್ಕೆ ಹದಿನೇಳು.
ಬೆಳಿಗ್ಗೆ ಬಾಗಿಲಿಗೆ ಅಂಟಿಸಿದ ಕಾಗದ
ನಿನ್ನಿಂದಲೇ ಓದಿಸಿದೆ, ನೆನಪಿದೆಯಾ?
ಎಡದ್ದು ಬಲಕ್ಕೆ ಹೋಗಿತ್ತು, ಬಲದ್ದು ಎಡಕ್ಕೆ.
ಹಲಗೆ ಒರೆಸು ಅಂತ ನನಗೇ ಹೇಳಿದರು.
ಒರೆಸಿದೆ.
ಈ ಕೈಯಲ್ಲೇ ಒರೆಸಿದೆ.
ಸುಣ್ಣದ ಪುಡಿ ಮೂಗಿಗೆ ಹೋಗಿ ಮೂರು ಸಲ ಸೀನಿದೆ.

ಆಟಕ್ಕುಂಟು, ಲೆಕ್ಕಕ್ಕಿಲ್ಲ:
ತೀರಾ ಚಿಕ್ಕ ಮಕ್ಕಳನ್ನು ಸೇರಿಸಿಕೊಳ್ಳುವಾಗ ಹೇಳುವ ಮಾತು.
ನನಗೆ ನಲವತ್ತೆಂಟು ವರ್ಷ.

ಎಲ್ಲವೂ ಚೆಂದವಿತ್ತು ಅನ್ನಲಾರೆ.
ಟೈರು ಸುಟ್ಟರು, ಒಣಹಾಕಿದ ಕಾಪುಲಾನಾ ಮಸಿಯಾಯಿತು.
ಚಾಪಾ ವ್ಯಾನುಗಳು ಓಡಲಿಲ್ಲ. ಹನ್ನೊಂದು ದಿನ
ನಿನ್ನ ಚಿಕ್ಕಮ್ಮನ ಬಜಿಯಾ ಬಾಣಲೆ ತಣ್ಣಗೆ ಬೋರಲು.
ಬ್ರೆಡ್ಡಿನಂಗಡಿಯ ಬಾಗಿಲು ಮುರಿದವರಲ್ಲಿ
ಹಿಂದಿನ ರಾತ್ರಿ ನನ್ನ ಜೊತೆ ತಾಳ ಹಾಕಿದ ಹುಡುಗರೂ ಇದ್ದರು.
"ನಿಮ್ಮ ಸದ್ದನ್ನೇ ಉಂಡು ಮಲಗಲಾ?" ಅಂತ ಕೂಗಿದಳು ಅವಳು.
ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ.

ಹನ್ನೆರಡನೇ ದಿನ ಕ್ರಿಸಾಂತೊ.
ಫೋನಿನ ಕಾರ್ಡು ಮಾರುತ್ತಿದ್ದವನು, ಹತ್ತೊಂಬತ್ತು.
ಅಜ್ಜಿಗೆ ಮಾತ್ರೆ ತರಲು ಹೋಗಿದ್ದ ಅನ್ನುತ್ತಾರೆ ಕೆಲವರು,
ಕಲ್ಲೆಸೆಯಲು ಅನ್ನುತ್ತಾರೆ ಕೆಲವರು.
ಹೆಗಲ ಚೀಲದಲ್ಲಿ ಕಾರ್ಡುಗಳು ಹಾಗೇ ಇದ್ದವು,
ಒಂದೂ ಗೀಚಿರಲಿಲ್ಲ.

ಆ ರಾತ್ರಿ ಒಂಬತ್ತಕ್ಕೆ ಯಾರೂ ಬಡಿಯಲಿಲ್ಲ,
ಅಲ್ಬಾನೊ ಕೂಡ.
ಆಗ ಕೇಳಿಸಿತು ಎದುರುಮನೆಯಿಂದ
ಪೊಲೀಸ್ ಝೆಫಾನಿಯಾಸನ ಹೆಂಡತಿ,
ಗಂಡ ಡ್ಯೂಟಿಗೆ ಹೋದ ಹೊತ್ತು,
ಬಟ್ಟಲಿಗೆ ಬಟ್ಟೆ ಸುತ್ತಿ, ಮರದ ಚಮಚದಲ್ಲಿ
ಟುಪ್.
ಟುಪ್.
ಎಷ್ಟು ದಿನದಿಂದ ಬಡಿಯುತ್ತಿದ್ದಳೋ,
ನಮ್ಮ ಗದ್ದಲದಲ್ಲಿ ನಮಗೇ ಕೇಳಿಸಿರಲಿಲ್ಲ.

ಪ್ರಮಾಣವಚನ ಆಯಿತು. ರೇಡಿಯೋದಲ್ಲಿ ತುತ್ತೂರಿ ಊದಿದರು.
ಅದೇ ಕುರ್ಚಿ, ಅದೇ ಕಡೆಯವರು.
ಒಬ್ಬೊಬ್ಬರ ಕಿಟಕಿಯೂ ಮುಚ್ಚಿತು, ನನ್ನದೂ.

ಕಳೆದ ಭಾನುವಾರ ನಲ್ಲಿ ರಿಪೇರಿಗೆ ಚಂದಾ ಎತ್ತಿದರಲ್ಲ,
ಕಾರ್ಯದರ್ಶಿ ಡಬ್ಬಿ ಕಂಕುಳಲ್ಲಿಟ್ಟು ಹೊರಟಾಗ
ಮುದುಕಿ ನೊರ್ಬೆರ್ತಾ ಕೋಲು ಅಡ್ಡ ಹಿಡಿದಳು:
"ಇಲ್ಲೇ ಸುರಿ. ನಮ್ಮೆದುರಿಗೇ ಎಣಿಸು."
ಅವನು ನಕ್ಕ. ಸುತ್ತ ನೋಡಿದ.
ಸುರಿದ.
ಬಿಂದಿಗೆ ಇಟ್ಟ ಸಾಲಿಗೆ ಸಾಲೇ ಬಾಯಿಬಿಟ್ಟು ಎಣಿಸಿತು.
ಹದಿಮೂರು ಮೆತಿಕಾಲ್ ಕಡಿಮೆ ಬಂತು.
ಜೇಬಿನಿಂದ ತೆಗೆದು ಇಟ್ಟ.

ಇದನ್ನು ಬದಲಾವಣೆ ಅನ್ನಲೇ?
ಒಂದು ತಟ್ಟೆಗೆ ಹದಿಮೂರು ಮೆತಿಕಾಲ್,
ಇನ್ನೊಂದಕ್ಕೆ ಕ್ರಿಸಾಂತೊನನ್ನು ಹಾಕಿ ತೂಗುವ ತಕ್ಕಡಿ
ನನ್ನ ಮನೆಯಲ್ಲಿಲ್ಲ, ಮಗಳೇ.

ಮೆಲ್ಲಗೆ, ಹಾಗೆ ಉಜ್ಜಬೇಡ ಅದನ್ನು.
ತಳ ನೆಗ್ಗಿದೆ, ಒಲೆಯ ಮೇಲೆ ನೆಟ್ಟಗೆ ಕೂರುವುದಿಲ್ಲ,
ಒಂದು ಬದಿ ಸೀಯುತ್ತದೆ, ಇನ್ನೊಂದು ಬದಿ ಇನ್ನೂ ಅಕ್ಕಿ.
ರಿಪೇರಿಗೆ ಒಯ್ದಿದ್ದೆ.
"ಒಳಗಿಂದ ಬಡಿದರೆ ಸರಿಹೋಗುತ್ತೆ, ಬಿಟ್ಟು ಹೋಗಿ" ಅಂದ.
ಅವನ ಬೆನ್ನ ಹಿಂದೆ ಗೋಡೆಗೆ ಒರಗಿಸಿದ್ದವು
ಮೂವತ್ತೋ ನಲವತ್ತೋ ತಪ್ಪಲೆ,
ಎಲ್ಲದರ ತಳವೂ ಹೀಗೇ.
ನಿಂತು ನೋಡಿದೆ. ವಾಪಸ್ಸು ತಂದೆ.

ಸದ್ಯಕ್ಕೆ ಆ ಕಡೆಗೊಂದು
ಚಪ್ಪಟೆ ಕಲ್ಲು ಕೊಡು.