ಎಸೆದದ್ದರ ಲೆಕ್ಕ

ದೇರಾದ ಹಳೇ ಕಟ್ಟಡ, ಮೂರನೇ ಮಹಡಿ.
ಕಿಟಕಿಯ ಕೆಳಗೆ ದುಬೈ ಖೋರಿನ ಉಪ್ಪುನೀರು,
ಒಂದರ ಪಕ್ಕೆಗೊಂದು ಒರಗಿದ ಮರದ ಹಡಗುಗಳು,
ಬೊಸಾಸೋಗೆ ಹೊರಟ ಟೈರು, ಈರುಳ್ಳಿ, ಪ್ಲಾಸ್ಟಿಕ್ ಕುರ್ಚಿಯ ಗೋಪುರ.
ಮೇಲೆ ನಾನು, ನೀರಿಗೆಸೆದದ್ದರ ಗುಮಾಸ್ತ.

ಹೌದು, ಅಂಥದೂ ಒಂದು ಕೆಲಸವಿದೆ.
ತೂಫಾನಿನಲ್ಲಿ ಹಡಗು ಹಗುರಾಗಲೆಂದು
ಒಬ್ಬನ ಮಾಲು ನೀರಿಗೆ ಬಿತ್ತೆನ್ನಿ,
ದಡ ಮುಟ್ಟಿದವರೆಲ್ಲ ಆ ನಷ್ಟಕ್ಕೆ ಹೆಗಲು ಕೊಡಬೇಕು.
ಯಾರ ಹೆಗಲಿಗೆ ಎಷ್ಟು ಫಿಲ್ಸ್ ಎಂದು
ಭಾಗಿಸಿ ಹೇಳುವವನು ನಾನು.

ಇದು ಯಾರು ಮಾಡಿದ ಕಾಯ್ದೆ ಎಂದು ಕೇಳಿದ್ದೆ, ಸೇರಿದ ಮೊದಲ ವಾರ.
ಬ್ರಗಾಂಜಾ ಸಾಹೇಬರು ಕನ್ನಡಕ ಒರೆಸಿಕೊಂಡು
'ರೋಡ್ಸ್' ಎಂದರು. ಗ್ರೀಕರದೊಂದು ದ್ವೀಪ.
ಅವರ ಮೂಲಪ್ರತಿ ಯಾರ ಕೈಗೂ ಸಿಕ್ಕಿಲ್ಲ.
ರೋಮಿನವರು ರೋಡ್ಸಿನ ಹೆಸರು ಹೇಳಿ ಬರೆದುಕೊಂಡರು,
ಬಾರ್ಸಿಲೋನಾದವರು ಇನ್ನಷ್ಟು ಸೇರಿಸಿದರು,
ಫ್ರಾನ್ಸಿನಂಚಿನ ಒಲೆರೋನ್ ದ್ವೀಪದ ಹೆಸರಲ್ಲಿ
ದ್ರಾಕ್ಷಾರಸದ ಪೀಪಾಯಿ ಹೊತ್ತ ಹಡಗುಗಳು
ಅಂಥದೇ ಕಟ್ಟಳೆಯನ್ನು ಬಂದರಿಂದ ಬಂದರಿಗೆ ದಾಟಿಸಿದವು.
ಹೆಪ್ಪು ಕಡ ತಂದ ಹಾಗೆ.
ಮೊದಲ ಮೊಸರು ಯಾರ ಮನೆಯದೆಂದು ಯಾರು ಬಲ್ಲರು?

ಒಲೆರೋನಿನದರಲ್ಲಿ ನನಗೆ ಹಿಡಿಸಿದವು ಎರಡು.
ಖಲಾಸಿಗೆ ಕಾಯಿಲೆಯಾದರೆ ದಡಕ್ಕಿಳಿಸಿ
ಒಂದು ಮನೆ ಹಿಡಿದುಕೊಡಬೇಕು, ರಾತ್ರಿಗೊಂದು ಬತ್ತಿ,
ನೋಡಿಕೊಳ್ಳಲು ಹಡಗಿನ ಒಬ್ಬ ಹುಡುಗ.
ಇನ್ನೊಂದು: ಬಂದರು ಬಿಡುವ ಮುನ್ನ ಯಜಮಾನ
ಆಳುಗಳನ್ನು ಕರೆದು ಕೇಳಬೇಕು,
'ಈ ಗಾಳಿ ನಿಮಗೆ ಹೇಗನ್ನಿಸುತ್ತದೆ?'
ಹೆಚ್ಚು ಜನ ಏನನ್ನುವರೋ ಅದೇ ಸರಿ.

ಮೊನ್ನೆ ಬಂದ ಕಡತ: 'ನೂರೆ ದರಿಯಾ'.
ಮುಸಂದಮ್ ಬಂಡೆಗಳ ಹತ್ತಿರ, ಶಮಾಲ್ ಗಾಳಿ, ರಾತ್ರಿ ಎರಡು.
ಎಸೆದದ್ದು ಟೈರು ಇನ್ನೂರ ಹನ್ನೆರಡು.
ಬಟ್ಟೆ ಒಗೆಯುವ ಯಂತ್ರ ಮೂವತ್ತೊಂದು.
ಖರ್ಜೂರ, ತೂಕ ತಿಳಿಯದು.
ಆಮೇಲೆ ಬೇರೆ ಹಾಳೆಯಲ್ಲಿ, ಸೀಸದಕಡ್ಡಿಯಲ್ಲಿ:
ದೇವು ಹರಿಕಂತ್ರ, ಊರು ಬೇಲೆಕೇರಿ.
ಹಗ್ಗ ಕಾಲಿಗೆ ಸುತ್ತಿ, ಕೊನೆಯ ಯಂತ್ರದ ಜೊತೆ.

ಬೇಲೆಕೇರಿ! ನಮ್ಮ ಹಾರವಾಡಕ್ಕೆ ನೆರೆ.
ಅವರ ಮನೆಯಂಗಳದ ಒಣಮೀನು
ನಮ್ಮ ಸಾರಿಗೆ ಬಿದ್ದಿರಲೂ ಸಾಕು.

'ಇವನನ್ನು ಯಾವ ಅಂಕಣಕ್ಕೆ ಹಾಕಲಿ?'
ಸಾಹೇಬರು ತಲೆಯೆತ್ತಲಿಲ್ಲ.
'ಯಾವುದಕ್ಕೂ ಇಲ್ಲ. ಅದೂ ರೋಮಿನವರದೇ ಮಾತು.
ಸ್ವತಂತ್ರ ಮನುಷ್ಯನ ಮೈಗೆ ಬೆಲೆ ಕಟ್ಟಲಾಗದು.'
ಎಷ್ಟು ದೊಡ್ಡ ಮಾತು.
ಅದರ ನೆರಳಲ್ಲಿ ಒಂದು ಖಾಲಿ ಚೌಕ.
ಟೈರಿನವನಿಗೆ ನೂರಕ್ಕೆ ಅರವತ್ತರಂತೆ ಸಿಕ್ಕಿತು.

ಸಹಿಗೆ ಬಂದ ನಾಖುದಾ, ಮಾಂಡವಿಯ ಹಾರೂನ್ ಭಡಾಲಾ,
ಚಪ್ಪಲಿ ಬಾಗಿಲಲ್ಲೇ ಬಿಟ್ಟ.
ಒಲೆರೋನ್ ಅವನು ಕೇಳಿದ ಹೆಸರಲ್ಲ.
ಎಸೆಯುವ ಮುನ್ನ ಒಬ್ಬೊಬ್ಬರನ್ನೂ ಕೇಳಿದೆ ಎಂದ,
ಅಡುಗೆಯ ಹುಡುಗನನ್ನೂ.
'ದೇವು ಒಬ್ಬನೇ ಬೇಡ ಅಂದದ್ದು.
ಅರ್ಧ ಗಂಟೆ ತಡೀರಿ, ಗಾಳಿ ತಿರುಗುತ್ತೆ ಅಂದ.
ಆದರೂ ಎಲ್ಲರ ಜೊತೆ ಹಗ್ಗ ಬಿಚ್ಚಿದ.
ತಿರುಗಿತು ಸಾಹೇಬ. ಅರ್ಧ ಗಂಟೆಗೇ.'

ಜುಬ್ಬದ ಜೇಬಿಂದ ಕರವಸ್ತ್ರದ ಗಂಟು ತೆಗೆದ.
ಖೇಪಿನ ಸಂಬಳದಲ್ಲಿ ಎಂಟು ಜನ ಹಾಕಿದ್ದು,
ಹಡಗಿನದೂ ಒಂದು ಪಾಲು. ಬೇಲೆಕೇರಿಗೆ ಮುಟ್ಟಿಸಬೇಕು.
ಬಿಚ್ಚಿ ಎಣಿಸಹೋದೆ, ಅಭ್ಯಾಸ.
ಬೇಡ ಎಂದು ಕೈ ಹಿಡಿದ.

ಮೆಟ್ಟಿಲಿಗೆ ಕಾಲಿಟ್ಟವನು ತಿರುಗಿ ನಿಂತ.
'ನಾಳೆ ಹೊರಡೋದು. ನೀನೂ ಕಡಲ ಬದಿಯವನಂತೆ.
ಈ ಗಾಳಿ ನಿನಗೆ ಹೇಗನ್ನಿಸುತ್ತೆ?'

ಏಸಿಯ ಗಾಳಿ ಬಿಟ್ಟು ಬೇರೆ ತಿಳಿಯದ ನಾನು
ಹನ್ನೊಂದು ವರ್ಷದಲ್ಲಿ ಮೊದಲ ಸಲ
ಕಿಟಕಿಯ ಚಿಲಕಕ್ಕೆ ಕೈ ಹಾಕಿದೆ.
ಉಪ್ಪು ತಿಂದ ಕಬ್ಬಿಣ, ಜಗ್ಗಲಿಲ್ಲ.
ಅವನು ಕಾಯುತ್ತಿದ್ದ.