ಐದಕ್ಕೆ ಎರಡು

ಮೂವತ್ತೊಂದು ವರುಷ ಕೆಂಪು ಸೀಮೆಸುಣ್ಣ ತೇದು
ಕರಿಹಲಗೆಯ ಮೇಲೆ ಬೆಂಕಿಬೆಟ್ಟ ಬರೆದವಳು ನಾನು.
ಮೇಲೆ ಕುಂಡ, ನಡುವೆ ನಾಳ, ಕೆಳಗೆ ಶಿಲಾಪಾಕ.
"ಪಾಕ ಅಂದ್ರ ಬೆಲ್ಲದ್ದೇನ್ರಿ ಟೀಚರ್, ಎಳಿ ಬರ್ತೈತೇನ್ರಿ?"
ಕೊನೆಯ ಬೆಂಚಿನ ದಸ್ತಗೀರ.
ನಗಬಾರದೆಂದು ಕಿಟಕಿಯ ಕಡೆ ತಿರುಗಿದ್ದೆ.
ಅಲ್ಲಿ ಬಳ್ಳಾರಿಯ ಗುಡ್ಡ,
ಯಾವ ಕಾಲಕ್ಕೂ ಏನನ್ನೂ ಉಗುಳದ ಬೋಳು ಬಂಡೆ.

ನಿವೃತ್ತಿಯ ಮರುವರ್ಷ, ಆಗಸ್ಟಿನ ಒಂದು ಭಾನುವಾರ
ಅವನೇ ಬಂದ, ತರಕಾರಿ ಹೊರುವ ಟಾಟಾ ಏಸ್ ತೊಳೆದುಕೊಂಡು.
"ಬೆಂಕಿಬೆಟ್ಟ ನಾನೂ ನೋಡಿಲ್ಲಪ್ಪ ಅಂದಿದ್ರಲ್ಲ,
ಹತ್ರಿ, ತೋರಸ್ತೀನಿ."
ಡಬ್ಬಿಗೆ ನಾಲ್ಕು ಕಟಕ ರೊಟ್ಟಿ, ಶೇಂಗಾಪುಡಿ ತುಂಬಿಕೊಂಡೆ.
ಎಷ್ಟು ತೊಳೆದರೂ ಗಾಡಿಗೆ ಕೊತ್ತಂಬರಿಯ ವಾಸನೆ.

ಕುಡತಿನಿ. ಹೆದ್ದಾರಿಯ ಬದಿಗೆ ಬೂದಿದಿಬ್ಬ.
ಹಿಡಿಂಬನಂತೆ, ಭೀಮ ಕೊಂದು ಸುಟ್ಟನಂತೆ.
ಅಲ್ಲಪ್ಪ, ಸಾವಿರಾರು ವರ್ಷದ ಹಿಂದೆ ದನ ಕಟ್ಟಿದವರು
ಸಗಣಿ ಒಟ್ಟಿ ಒಟ್ಟಿ ಸುಟ್ಟದ್ದು, ಎಂದು ಪಾಠ ಶುರುಮಾಡಿದೆ.
ಅವನು ರಸ್ತೆಗೆ ಉರುಳಿದ್ದ ಹೆಂಟೆಯೊಂದನ್ನು ಎತ್ತಿದ.
ಒಳಗೆಲ್ಲ ಕರಗಿ ಗಟ್ಟಿಯಾದ ತೂತು ತೂತು,
ಪುಸ್ತಕದ ಅಗ್ನಿಶಿಲೆಯದೇ ಪಡಿಯಚ್ಚು.
"ಸಗಣಿಗೂ ಇಷ್ಟು ಸಿಟ್ಟು ಬರ್ತೈತೇನ್ರಿ?"
ಆಚೆ ವಿದ್ಯುತ್ ಸ್ಥಾವರದ ಚಿಮಣಿ ತನ್ನ ಪಾಲಿನ ಬೂದಿಯನ್ನು
ಮೋಡಕ್ಕೆ ಒಪ್ಪಿಸುತ್ತಿತ್ತು.
ನನ್ನಲ್ಲಿ ಉತ್ತರವಿರಲಿಲ್ಲ.

ತೋರಣಗಲ್ಲಿನಿಂದ ಎಡಕ್ಕೆ, ಸಂಡೂರಿನ ದಾರಿ.
ಎರಡು ಬೆಟ್ಟ ಪಕ್ಕಕ್ಕೆ ಸರಿದು ಹಾದಿ ಬಿಟ್ಟ ಗಂಡಿ,
ಕೆಳಗೆ ನಾರಿಹಳ್ಳ, ತುಂಬಿ, ಸುಮ್ಮನೆ.
ಅದಿರಿನ ಲಾರಿಗಳು ಎಲೆಎಲೆಗೂ ಕಾವಿ ಬಳಿದಿವೆ;
ರಾತ್ರಿ ಮಳೆ ಬಂದು ತೊಳೆದಷ್ಟು ತೊಳೆದಿದೆ.
ಕಮರ, ಕಕ್ಕೆ, ಸೀತಾಫಲದ ಪೊದೆ,
ಅರ್ಧ ಮುಖ ತೊಳೆದು ಶಾಲೆಗೆ ಓಡಿಬಂದ ಹುಡುಗರ ಹಾಗೆ.
ಹಾಜರಿ ಕರೆಯಬೇಕೆನಿಸಿತು.

ಸ್ವಾಮಿಮಲೆಯ ಏರಿನಲ್ಲಿ, ಮೂರನೇ ತಿರುವಿಗೆ,
ಗಾಡಿ ಕೆಮ್ಮಿತು, ಹೊಗೆ ಬಿಟ್ಟು ನಿಂತೇಬಿಟ್ಟಿತು.
ಹಳೆ ಬನಿಯನ್ ಸುತ್ತಿ ರೇಡಿಯೇಟರಿನ ಮುಚ್ಚಳ ತಿರುವಿದ;
ಬುಸ್ಸೆಂದು ಚಿಮ್ಮಿತು ಮೊಳದುದ್ದ.
"ಟೀಚರ್, ಬಿಸಿನೀರಿನ ಬುಗ್ಗೆ! ಬರಕೊಳ್ರಿ!"
ಎಷ್ಟು ದಿನವಾಗಿತ್ತು ಹೊಟ್ಟೆ ಹಿಡಿದುಕೊಂಡು ನಕ್ಕು.
ಸೌದೆ ಹೊತ್ತು ಇಳಿಯುತ್ತಿದ್ದ ತಾಂಡಾದ ಸೋಮ್ಲಿಬಾಯಿ
ಹೊರೆ ಇಳಿಸಿ ತನ್ನ ಕ್ಯಾನು ಚಾಚಿದಳು,
ಮೇಲಿನ ಝರಿಯದು, ಹಲ್ಲು ಜುಮ್ಮೆನ್ನುವಷ್ಟು ತಣ್ಣೀರು.
"ಮೊದಲು ನೀವು ಕುಡೀರಿ, ಗಾಡಿ ಕಾಯ್ತದ."

ಇಳಿದು ಬರುವಾಗ ಕತ್ತಲು.
ತೋರಣಗಲ್ಲಿನ ಆಕಾಶ ಒಮ್ಮೆಲೇ ಕೆಂಪಾಯಿತು.
ದಸ್ತಗೀರ ಬದಿಗೆ ಹಾಕಿ ಎಂಜಿನ್ ಆರಿಸಿದ.
ದೂರದಲ್ಲಿ ಕುಲುಮೆಯ ಕಿಟ್ಟ ಸುರಿಯುತ್ತಿದ್ದರು,
ದಿಬ್ಬದ ಮೈಮೇಲೆ ನಿಧಾನಕ್ಕೆ ಇಳಿಯುವ ಬೆಳಕು.
ಹೌದು ಮಗಾ,
ಪಾಕವೇ. ಎಳೆ ಬರುತ್ತಿತ್ತು.

"ನಮ್ಮಣ್ಣ ಒಳಗಿದಾನ್ರಿ. ಅದರ ಮಗ್ಗುಲಿಗೆ ಎಂಟು ತಾಸು.
ಮನಿಗೆ ಬಂದ್ರ ಒಂದು ಕೊಡ ನೀರು ಕುಡೀತಾನ,
ಮಾತಾಡಂಗಿಲ್ಲ."

ಜಾಗೃತ, ಸುಪ್ತ, ಲುಪ್ತ. ಮೂರು ವಿಧ.
ಒಂದು ಅಂಕದ ಪ್ರಶ್ನೆ.
ನಾಲಿಗೆಗೆ ಬಂದದ್ದನ್ನು ನುಂಗಿಕೊಂಡೆ.

ಹತ್ತನೆಯ ತರಗತಿ, ಅವನ ಉತ್ತರಪತ್ರಿಕೆ:
ಬೆಟ್ಟ ನೆಟ್ಟಗೇ ಬಂದಿತ್ತು, ಬಾಣದ ಗುರುತೂ ಸರಿ.
ಕುಂಡವೆನ್ನುವಲ್ಲಿ ಬಾಯಿ ಎಂದು ಬರೆದಿದ್ದ,
ನಾಳಕ್ಕೆ ಗಂಟಲು, ಎಲ್ಲಕ್ಕೂ ಕೆಳಗೆ ಹೊಟ್ಟೆ.
ಹಾಳೆ ಹರಿಯುವಷ್ಟು ಒತ್ತಿ ಗೀಟು ಎಳೆದಿದ್ದೆ.
ಐದಕ್ಕೆ ಎರಡು.

ಊರಿನ ದೀಪಗಳು ಕಂಡಾಗ ಕೇಳಿದೆ, ನೆನಪೈತೇನೋ?
"ಎರಡು ಜಾಸ್ತೀನೇ ಆತು ಬಿಡ್ರಿ," ಎಂದು ಗೇರು ಬದಲಿಸಿದ.

ಡಬ್ಬಿಯಲ್ಲಿ ಒಂದು ರೊಟ್ಟಿ ಉಳಿದಿತ್ತು.
ಕಟಕ್ಕೆಂದು ಮುರಿದು
ದೊಡ್ಡ ತುಂಡನ್ನು ಅವನ ಕಡೆ ಚಾಚಿದೆ.